ಏನೂ ಬೇಡದ ಸಾಕ್ಷಿ ಬೇಕಾಗಿದ್ದಾರೆ

ಅಣ್ಣ ಬೆಳ್ಳಂಬೆಳಿಗ್ಗೆ ಫೋನ್ ಮಾಡಿ ಮುಂಬಾಗಿಲಿನ ಅಗಲ ಕೇಳದೇ ಇದ್ದಿದ್ದರೆ ಗಾಜಪ್ಪ ಆ ದಿನವನ್ನು ಹಾಯಾಗಿ ಕಳೆಯುತ್ತಿದ್ದ.

ಮರುದಿನ ಅವನಿಗೆ ಹರ್ನಿಯಾ ಆಪರೇಷನ್ ಇತ್ತು. "ಹರಿದ ಜೇಬಿಗೆ ಹೊಲಿಗೆ ಹಾಕಿದಷ್ಟೇ ಕೆಲಸ," ಎಂದಿದ್ದರು ಡಾಕ್ಟರು. ಗಾಜಪ್ಪ ಅದನ್ನು ನಂಬಿ ರಾತ್ರಿ ಗೊರಕೆ ಹೊಡೆದು ನಿದ್ದೆಯನ್ನೂ ಮಾಡಿದ್ದ. ಎದ್ದು ಹಲ್ಲುಜ್ಜುತ್ತಿರುವಾಗ ಫೋನ್ ಬಂತು.

"ಏನೋ, ನಾಳೆ ಅಲ್ವಾ? ಧೈರ್ಯವಾಗಿರು. ನಿನಗೇನೂ ಆಗಲ್ಲ."

"ಹೂಂ ಅಣ್ಣ."

"ಅಂದ ಹಾಗೆ, ನಿನ್ನ ಮನೆ ಮುಂಬಾಗಿಲು ಎಷ್ಟು ಅಗಲ ಇದೆ?"

"ಯಾಕಣ್ಣ?"

"ಏನಿಲ್ಲ, ಸುಮ್ನೆ. ನಮ್ಮ ದೊಡ್ಡ ಸೋಫಾ ಒಳಗೆ ಹಿಡಿಯುತ್ತಾ ಅಂತ ನಿಮ್ಮತ್ತಿಗೆ ಕೇಳ್ತಾ ಇದ್ಳು. ನೀನು ತಲೆ ಕೆಡಿಸ್ಕೋಬೇಡ. ರೆಸ್ಟ್ ತಗೋ."

ಗಾಜಪ್ಪನ ಬಾಯಲ್ಲಿದ್ದ ನೊರೆ ಗಂಟಲಿಗಿಳಿಯಿತು.

ಅವನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವವನು. ಅದಕ್ಕೇ ಎಲ್ಲರ ಬಾಯಲ್ಲೂ ಗಾಜಪ್ಪ. ಹೆತ್ತವರು ಇಟ್ಟ ಹೆಸರು ವಿಮೆಯ ಪಾಲಿಸಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಆಸ್ತಿಯೆಂದರೆ ಮೂರನೇ ಮಹಡಿಯ ಎರಡು ಕೋಣೆಯ ಮನೆ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಉಳಿದವಳು ಮಗಳು. ಮಗಳೆಂದರೆ ಹೆಂಡತಿಯ ಮೊದಲನೇ ಮದುವೆಯ ಮಗಳು. ಬೂಟಿನ ದಾರ ಕಟ್ಟಿಕೊಳ್ಳಲು ಬಾರದ ವಯಸ್ಸಿನಲ್ಲಿ ಅಮ್ಮನ ಕೈ ಹಿಡಿದು ಈ ಮನೆಗೆ ಬಂದವಳು, ಬಂದ ದಿನವೇ ಅವನ ಕನ್ನಡಕ ಕಿತ್ತು ತನ್ನ ಮೂಗಿಗೇರಿಸಿ ವಾಪಸ್ ಕೊಡುವುದಿಲ್ಲ ಎಂದು ಹಟ ಹಿಡಿದಳು. ಗಾಜಪ್ಪ ಅಂದು ಗೋಡೆ ತಡವಿಕೊಂಡು ಕೆಲಸಕ್ಕೆ ಹೋದ. ಅವತ್ತಿನಿಂದ ಅವಳು ಅವನ ಮಗಳು. ಈ ವಿಷಯ ಅವನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು, ಇಡೀ ಕಟ್ಟಡಕ್ಕೆ ಗೊತ್ತಿತ್ತು. ಕಾನೂನಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಉಯಿಲು ಬರೆಯದೆ ಅವನು ಕಣ್ಣು ಮುಚ್ಚಿದರೆ ಮನೆ ಅಣ್ಣನಿಗೆ. ಅಣ್ಣನ ಹಿಂದೆಯೇ ಸೋಫಾ.

"ಏನಪ್ಪಾ, ಮುಖ ಯಾಕೆ ಹಾಗಾಗಿದೆ?" ಎಂದು ಮಗಳು ಪಿಸುಗುಟ್ಟಿದಳು. ಅವಳಿಗೆ ಗ್ರಂಥಾಲಯದಲ್ಲಿ ಕೆಲಸ. ಮನೆಯಲ್ಲಿ ಬೈಯುವುದೂ ಪಿಸುಮಾತಿನಲ್ಲೇ.

"ಪೇಸ್ಟು ಖಾರ," ಎಂದ ಗಾಜಪ್ಪ. ಆಪರೇಷನ್ನಿನ ಹಿಂದಿನ ದಿನ ಉಯಿಲು ಎಂಬ ಮಾತೆತ್ತಿದರೆ ಹುಡುಗಿ ಹೆದರಿಯಾಳು. ಅವಳಿಗೆ ತಿಳಿಯದಂತೆ ಸಂಜೆಯೊಳಗೆ ಎಲ್ಲ ಮುಗಿಸಿಬಿಡಬೇಕು ಎಂದುಕೊಂಡು ಅವಳು ಕೆಲಸಕ್ಕೆ ಹೋದ ಬೆನ್ನಿಗೇ ಮೆಟ್ಟಿಲಿಳಿದ.

ನೆಲಮಹಡಿಯಲ್ಲಿ ವಿಮೆ ಏಜೆಂಟು ಇದ್ದ. ಅವನನ್ನು ಎಲ್ಲರೂ ಪಾಲಿಸಿ ಎಂದೇ ಕರೆಯುತ್ತಿದ್ದರು. ಎದುರಿಗೆ ಬಂದವರನ್ನು ಅವನು ನೋಡುತ್ತಿದ್ದ ರೀತಿಯೇ ಬೇರೆ, ದರ್ಜಿ ಗಿರಾಕಿಯ ಭುಜ ನೋಡುವ ಹಾಗೆ. ಗಾಜಪ್ಪನ ಹಳೆಯ ಪಾಲಿಸಿಯನ್ನು ತಿರುವಿ ನೋಡಿ ಅವನು ತಲೆ ಕೆರೆದುಕೊಂಡ.

"ನಾಮಿನಿ ಯಾರು ಗೊತ್ತಾ ಗಾಜಪ್ಪನೋರೇ? ನಿಮ್ಮ ಮನೆಯವರು. ನೀವು ಹೋದ್ರೆ ದುಡ್ಡು ಅವರಿಗೆ ಹೋಗ್ಬೇಕು. ಅವರು ಇರೋ ಕಡೆ ನಮ್ಮ ಬ್ರಾಂಚ್ ಇಲ್ಲ."

"ಮಗಳ ಹೆಸರು ಹಾಕಿ."

ಹಾಕಿದ. ಗಾಜಪ್ಪ ಉಯಿಲಿನ ವಿಷಯವನ್ನೂ ಹೇಳಿದ. ಸಾಕ್ಷಿ ಹಾಕುತ್ತೀರಾ ಎಂದು ಕೇಳಿದ.

"ಧಾರಾಳವಾಗಿ! ನನಗೆ ನಿಮ್ಮ ಆಸ್ತಿ ಏನೂ ಬೇಡ. ನೀವು ಬದುಕಿ ಕಂತು ಕಟ್ತಾ ಇದ್ರೆ ಅಷ್ಟೇ ಸಾಕು. ಇನ್ನೊಬ್ಬ ಸಾಕ್ಷಿ ಸಿಕ್ಕಿದ ಕೂಡಲೇ ಫೋನ್ ಮಾಡಿ, ಬಂದೆ ಅಂತ ಇಟ್ಕೊಳ್ಳಿ."

ಇಷ್ಟು ಸಲೀಸಾಗಿ ಕೆಲಸ ಆಗುತ್ತದೆ ಎಂದು ಗಾಜಪ್ಪ ಅಂದುಕೊಂಡಿರಲಿಲ್ಲ. ಕುಣಿಯಬೇಕು ಅನ್ನಿಸಿತು. ಹರ್ನಿಯಾ ನೆನಪಾಗಿ ಸುಮ್ಮನಾದ.

ಲಾಯರ ಆಫೀಸು ಕನ್ನಡಕದ ಅಂಗಡಿಯ ಎದುರಿಗೇ, ಜೆರಾಕ್ಸ್ ಅಂಗಡಿಯ ಮೇಲೆ. ಅವರು ಆಗಲೇ ಪೆಟ್ಟಿಗೆ ಕಟ್ಟಿಟ್ಟುಕೊಂಡು ಕೂತಿದ್ದರು.

"ಸಂಜೆ ರೈಲಿಗೆ ಹೊರಟೆ. ಇನ್ನು ಬರೋದು ಮುಂದಿನ ವಾರ. ಬೇಗ ಹೇಳಿ."

ಗಾಜಪ್ಪ ಹೇಳಿದ. ಅವರು ಟೈಪ್ ಮಾಡಿದರು. ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಮನೆ ಮಗಳಿಗೆ. ಮುಗಿಯಿತು.

"ಈಗ ಸಾಕ್ಷಿಗಳು. ಇಬ್ಬರು ಬೇಕು. ಉಯಿಲಿನಲ್ಲಿ ಯಾರಿಗೆ ಏನು ಸಿಗುತ್ತೋ ಅವರು ಸಾಕ್ಷಿ ಹಾಕೋ ಹಾಗಿಲ್ಲ. ಹಾಕಿದ್ರೆ ಅವರಿಗೆ ಬರೋದು ಬರಲ್ಲ. ಅವರ ಗಂಡನೋ ಹೆಂಡತಿಯೋ ಹಾಕಿದ್ರೂ ಅಷ್ಟೇ."

"ನೀವೇ ಹಾಕಿಬಿಡಿ ಸರ್."

"ಬರೆದವನೇ ಸಾಕ್ಷಿನೂ ಹಾಕಿದ್ರೆ ನಾಳೆ ನಿಮ್ಮಣ್ಣ ನನ್ನನ್ನ ಕಟಕಟೆ ಹತ್ತಿಸ್ತಾನೆ. ದಾರೀಲಿ ಹೋಗೋರೂ ಬೇಡ. ಕರೆದರೆ ಬಂದು ನಿಲ್ಲೋ ಪರಿಚಯದವರು ಬೇಕು. ನಿಮ್ಮ ಕಟ್ಟಡದ ತುಂಬ ಜನ ಇದ್ದಾರಲ್ರೀ. ಅದೇನು ದೊಡ್ಡ ವಿಷಯ?"

ಗಾಜಪ್ಪನಿಗೂ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ನೆಟ್ಟಗೆ ಮನೆಗೆ ವಾಪಸ್ ಬಂದು ಪಕ್ಕದ ಬಾಗಿಲು ತಟ್ಟಿದ. ಅಲ್ಲಿದ್ದವರು ಮೇಷ್ಟ್ರು. ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಎದುರಿಗೆ ನಿಂತವರು ಹೋಂವರ್ಕ್ ಮಾಡಿಲ್ಲ ಎಂದೇ ತಿಳಿದು ಮಾತಾಡುವವರು.

"ಒಂದು ಸಹಿ ಬೇಕಿತ್ತು ಮೇಷ್ಟ್ರೇ. ಉಯಿಲಿಗೆ. ಅದರಲ್ಲಿ ಏನೂ ಸಿಗದವರೇ ಸಹಿ ಹಾಕ್ಬೇಕಂತೆ. ಅದಕ್ಕೇ ನೆಟ್ಟಗೆ ನಿಮ್ಮ ಹತ್ರ ಬಂದೆ."

ಮೇಷ್ಟ್ರ ಮುಖ ಸೈಕಲ್ಲಿನ ಟ್ಯೂಬಿನ ಹಾಗೆ ನಿಧಾನವಾಗಿ ಗಾಳಿ ಬಿಟ್ಟುಕೊಂಡಿತು.

"ಓಹೋ. ಅಂದ್ರೆ ನನಗೆ ಏನೂ ಇಲ್ಲ ಅಂತ ತೀರ್ಮಾನ ಆಗಿದೆ."

"ಹಾಗಲ್ಲ ಮೇಷ್ಟ್ರೇ..."

"ಬೇಡಪ್ಪಾ, ವಿವರಣೆ ಬೇಡ. ನಿನ್ನ ಮಗಳಿಗೆ ಭಾಗಾಕಾರ ಹೇಳಿಕೊಟ್ಟವನು ಯಾರು? ನೀರಿನ ಪೈಪ್ ಒಡೆದಾಗ ಕೈಯಿಂದ ಒತ್ತಿ ಹಿಡ್ಕೊಂಡು ನಿಂತವನು ಯಾರು? ನಾನೇನು ಮನೆ ಕೇಳಿದ್ನಾ? ಆ ಏಣಿ ಒಂದು ನಂಗೆ ಬರುತ್ತೆ ಅಂತ ಅಂದ್ಕೊಂಡಿದ್ದೆ. ಮನಸ್ಸಿನಲ್ಲೇ. ಹೋಗ್ಲಿ ಬಿಡು."

ಅದು ಅಲ್ಯೂಮಿನಿಯಂ ಏಣಿ. ವರ್ಷದಲ್ಲಿ ಬಹುಪಾಲು ಮೇಷ್ಟ್ರ ಮನೆಯಲ್ಲೇ ಇರುತ್ತಿತ್ತು. ಬಲ್ಬ್ ಬದಲಿಸಬೇಕಾದಾಗ ಗಾಜಪ್ಪನೇ ಹೋಗಿ ಅದನ್ನು ಕೇಳಿಕೊಂಡು ತರುತ್ತಿದ್ದ. ಮೇಷ್ಟ್ರ ಕಣ್ಣಂಚಿನಲ್ಲಿ ನೀರು ಕಂಡಿತು. ಇನ್ನೊಬ್ಬರ ಕಣ್ಣೀರು ನೋಡಿದರೆ ಗಾಜಪ್ಪನ ಬಾಯಿ ಅವನ ಮಾತು ಕೇಳುತ್ತಿರಲಿಲ್ಲ.

"ಅಯ್ಯೋ, ಏಣಿ ನಿಮ್ಮದೇ ಮೇಷ್ಟ್ರೇ! ಬರೆಸ್ತೀನಿ."

"ನಿಜವಾಗ್ಲೂ?"

"ಖಂಡಿತ. ಈಗ ಬನ್ನಿ, ಸಹಿ ಹಾಕೋಣ."

ಮೇಷ್ಟ್ರು ಅವನನ್ನು ಹಿಂದಿನ ಬೆಂಚಿನ ಹುಡುಗನನ್ನು ನೋಡುವಂತೆ ನೋಡಿದರು. "ಈಗ ಹೇಗೆ ಹಾಕ್ಲಿ? ನೀನೇ ತಾನೇ ನಿಯಮ ಹೇಳಿದ್ದು? ನಾನೀಗ ವಾರಸುದಾರ."

"ನಿಮ್ಮ ಮನೆಯವರು...?"

"ಅವಳು ವಾರಸುದಾರನ ಹೆಂಡತಿ," ಎಂದು ಮೇಷ್ಟ್ರು ಎದೆಯುಬ್ಬಿಸಿ ಒಳಗೆ ಕೂಗಿದರು, "ಕೇಳಿಸ್ತೇನೇ? ಏಣಿ ಬಂತು!"

ಕೇಳಿಸಬೇಕಾದವರಿಗಿಂತ ಮೊದಲು ಎದುರುಮನೆಯಾಕೆಗೆ ಕೇಳಿಸಿತು. ಆಕೆಯ ಬಾಗಿಲು ಯಾವಾಗಲೂ ಒಂದು ಕಿವಿ ಹಿಡಿಸುವಷ್ಟು ತೆರೆದೇ ಇರುತ್ತಿತ್ತು. ಗಾಜಪ್ಪ ಆ ಕಡೆ ತಿರುಗಿ ಬಾಯಿ ತೆರೆಯುವ ಮೊದಲೇ ಆಕೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಮೇಷ್ಟ್ರಿಗೆ ಏಣಿ, ನಂಗೆ ಸಾಕ್ಷಿನಾ?"

"ಅಕ್ಕಾ, ಅದು..."

"ನಿಮ್ಮ ಹೆಂಡ್ತಿ ಆಸ್ಪತ್ರೆಲಿದ್ದಾಗ ನಿಮಗೂ ಮಗೂಗೂ ದಿನಾ ಊಟ ಕಳಿಸಿದ್ದು ಯಾರು? ಅದೇನು ಏಣಿಯಿಂದ ಇಳಿದು ಬಂತಾ? ನನಗೇನೂ ಬೇಡ. ಕಿಟಕಿ ಹತ್ರ ಇದೆಯಲ್ಲ ಆ ಆರಾಮ ಕುರ್ಚಿ, ಅದನ್ನ ನೋಡಿದಾಗೆಲ್ಲ ನನ್ನ ಬೆನ್ನು ನನ್ನ ಜೊತೆ ಮಾತಾಡುತ್ತೆ. ಅಷ್ಟೇ ಹೇಳಿದ್ದು ನಾನು."

ಊಟ ಕಳಿಸಿದ್ದು ನಿಜ. ಕುರ್ಚಿ ಹೋಯಿತು. ಆಕೆ ಆಗಲೇ ಅವನ ಮನೆಯೊಳಗೆ ಹೋಗಿ ಅದರಲ್ಲಿ ಕೂತು ಹಿಂದೆ ಮುಂದೆ ತೂಗಿ ನೋಡಿದಳು.

"ಒಂದು ಕಾಲು ಅಲ್ಲಾಡ್ತಿದೆ. ಆಸ್ಪತ್ರೆಗೆ ಹೋಗೋ ಮೊದಲು ಸರಿ ಮಾಡಿಸಿಟ್ಟಿರಿ."

ಅಷ್ಟರಲ್ಲಿ ಮೇಷ್ಟ್ರು ತಮ್ಮ ಮನೆಯಲ್ಲಿದ್ದ ಏಣಿಯನ್ನು ಹೊತ್ತುಕೊಂಡು ಕೆಳಗಿಳಿಯಲು ಹೊರಟಿದ್ದರು. "ಅಭ್ಯಾಸ ಆಗ್ಲಿ ಅಂತ," ಎಂದರು. ಸುದ್ದಿ ಏಣಿಗಿಂತ ವೇಗವಾಗಿ ಮೆಟ್ಟಿಲಿಳಿಯಿತು. ಗಾಜಪ್ಪ ಕೆಳಗೆ ಬರುವಷ್ಟರಲ್ಲಿ ಎರಡನೇ ಮಹಡಿಯ ದಂಪತಿಗಳು ಅವನ ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಅವನನ್ನು ನೋಡಿ ನಾಚಿ ಎದ್ದು ನಿಂತರು. ಅವರ ನಾಚಿಕೆ ನೋಡಲಾರದೆ ಗಾಜಪ್ಪ ಅದಕ್ಕೂ ತಲೆಯಾಡಿಸಿದ.

ರಸ್ತೆಯಲ್ಲೇ ನಿಂತು ಲಾಯರಿಗೆ ಫೋನ್ ಮಾಡಿದ.

"ಸರ್, ಒಂದು ಏಣಿ ಸೇರಿಸ್ಬೇಕು. ಒಂದು ಕುರ್ಚಿ. ಆಮೇಲೆ ಸ್ಕೂಟರ್ ನಿಲ್ಲಿಸೋ ಜಾಗ."

"ಸ್ಕೂಟರು?"

"ಅದನ್ನ ಇನ್ನೂ ಯಾರೂ ಕೇಳಿಲ್ಲ ಸರ್."

"ಇದು ಉಯಿಲೋ, ಮನೆ ಖಾಲಿ ಮಾಡೋ ಪಟ್ಟಿಯೋ? ರೀ, ಬಾಯಲ್ಲಿ ಹೂಂ ಅಂದುಬಿಡಿ, ಬರೆಸಬೇಡಿ. ಅವರು ಬಂದು ಸಹಿ ಹಾಕಿ ಹೋಗ್ಲಿ."

"ನಾಳೆ ಆಪರೇಷನ್ ಟೇಬಲ್ ಮೇಲೆ ಮಲಗ್ಬೇಕು ಸರ್. ಇವತ್ತು ಸುಳ್ಳು ಹೇಳೋದಾ?"

ಲಾಯರು ಉಸಿರುಬಿಟ್ಟದ್ದು ಫೋನಿನಿಂದ ಹೊರಗೆ ಬಂದು ಗಾಜಪ್ಪನ ಕಿವಿಗೆ ಬಡಿಯಿತು.

ಉಳಿದದ್ದು ಅಂಗಡಿ. ಯಜಮಾನರು ಗಾಜಪ್ಪನನ್ನು ಹುಡುಗನಾಗಿದ್ದಾಗಿನಿಂದ ಬಲ್ಲವರು. ಒಂದು ಸಹಿಗೆ ಇಲ್ಲವೆನ್ನುವರೇ? ಅವನು ಈ ಸಲ ಜಾಣನಾಗಿದ್ದ. ಏನೂ ಸಿಗದವರು ಎಂಬ ಮಾತನ್ನೇ ಎತ್ತಲಿಲ್ಲ.

"ಯಜಮಾನ್ರೇ, ಎದುರುಗಡೆ ಲಾಯರ ಹತ್ರ ಬಂದು ಒಂದು ಸಹಿ ಹಾಕ್ಬೇಕು. ಉಯಿಲಿಗೆ ಸಾಕ್ಷಿ."

ಯಜಮಾನರು ಕೈಯಲ್ಲಿದ್ದ ಫ್ರೇಮು ಕೆಳಗಿಟ್ಟರು. ಮೇಜಿನ ಮೇಲಿದ್ದ ಗಾಜಪ್ಪನ ಸಣ್ಣ ಸ್ಕ್ರೂಡ್ರೈವರುಗಳ ಪೆಟ್ಟಿಗೆಯನ್ನು ಎತ್ತಿಕೊಂಡು ಅದನ್ನು ಬೆಕ್ಕಿನ ಮರಿಯ ಹಾಗೆ ಸವರಿದರು.

"ಅಂದ್ರೆ ಇದು ಅಂಗಡಿಗೆ ಬರೋದಿಲ್ಲ."

"ನಿಮಗೆ ಹೇಗೆ..."

"ನಿಮ್ಮ ಮೇಷ್ಟ್ರು ಕನ್ನಡಕದ ಕಡ್ಡಿ ಮುರಿದಿದೆ ಅಂತ ಈಗ ತಾನೇ ಬಂದು ಹೋದ್ರು. ಏಣಿ ವಿಷಯ ಹೇಳಿದ್ರು. ನೋಡೋ, ಈ ಕೋಣೆಯಲ್ಲಿ ನೀನು ಉಜ್ಜಿದ ಗಾಜಿನಿಂದ ಅರ್ಧ ಊರು ಕಣ್ಣು ಬಿಟ್ಟಿದೆ. ನೀನು ಹೋದ ಮೇಲೆ ಇದನ್ನ ಹಿಡ್ಕೊಂಡು ಒಂದು ಸ್ಕ್ರೂ ತಿರುಗಿಸಿದ್ರೆ ನೀನೇ ಪಕ್ಕದಲ್ಲಿ ಇದೀಯ ಅನ್ನಿಸ್ತಿತ್ತು. ಹೋಗ್ಲಿ. ನಡಿ, ಸಹಿ ಹಾಕ್ತೀನಿ. ನನ್ನ ಹಣೆಬರಹ."

ಯಜಮಾನರು ಎದ್ದೇ ಬಿಟ್ಟರು. ಆದರೆ ಬಾಗಿಲ ತನಕ ಹೋಗಿ ಒಂದು ಸಲ ಮೂಗೆಳೆದರು.

ಆ ಒಂದು ಸೊರ್ ಎಂಬ ಸದ್ದಿಗೆ ಸ್ಕ್ರೂಡ್ರೈವರ್ ಪೆಟ್ಟಿಗೆ ಹೋಯಿತು. ಅದರ ಹಿಂದೆ ಕೌಂಟರಿನಲ್ಲಿ ಕೂರುವ ಹೆಂಗಸು, "ಹಾಗಾದ್ರೆ ಫ್ಯಾನ್ ಕೆಳಗಿನ ಸ್ಟೂಲು?" ಎಂದು ಕೇಳಿದಳು. ಅದು ಅಂಗಡಿಯದ್ದು, ತನ್ನದಲ್ಲ ಎಂದು ಗಾಜಪ್ಪ ಹೇಳಿದ. "ನೋಡಿದ್ರಾ, ನನಗೆ ಕೊಡೋದು ಅಂದ್ರೆ ಮಾತ್ರ ಕಾನೂನು," ಎಂದು ಆಕೆ ಮುಖ ತಿರುಗಿಸಿ ಕೂತವಳು ಸಹಿಯ ಮಾತಿಗೆ ಕಿವಿಯನ್ನೇ ಕೊಡಲಿಲ್ಲ.

ಬಿಸಿಲು ಎದುರು ಗೋಡೆಯಿಂದ ಕೆಳಗಿಳಿಯುತ್ತಿತ್ತು. ಗಾಜಪ್ಪ ಕೊನೆಯ ಪ್ರಯತ್ನವೆಂದು ಮೇಷ್ಟ್ರಿಗೆ ಫೋನ್ ಮಾಡಿ, ಏಣಿ ಬೇಡ, ಅದರ ಬದಲು ಸಹಿ ಹಾಕಿ ಎಂದು ಅಂಗಲಾಚಿದ.

"ಬೆಳಿಗ್ಗೆ ಕೊಟ್ಟದ್ದನ್ನ ಮಧ್ಯಾಹ್ನ ವಾಪಸ್ ಕೇಳ್ತೀಯ?" ಎಂದರು ಮೇಷ್ಟ್ರು. "ನಿನಗೆ ಸ್ವಸ್ಥ ಚಿತ್ತ ಇದೆಯೇನಪ್ಪಾ? ಇಲ್ಲ ಅಂದ್ರೆ ಉಯಿಲೇ ನಡೆಯಲ್ಲ, ಹುಷಾರು."

ಗಾಜಪ್ಪ ಉಜ್ಜುವ ಯಂತ್ರದ ಮುಂದೆ ತಲೆ ಹಿಡಿದು ಕೂತ. ಕಣ್ಣು ಮುಚ್ಚಿದರೆ ಅಣ್ಣನ ಸೋಫಾ ಮೂರನೇ ಮಹಡಿಯ ಮೆಟ್ಟಿಲು ಹತ್ತುತ್ತಿತ್ತು. ಮಗಳು ಕೈಯಲ್ಲೊಂದು ಪೆಟ್ಟಿಗೆ ಹಿಡಿದು ಅದಕ್ಕೆ ದಾರಿ ಬಿಟ್ಟು ಗೋಡೆಗೊರಗಿ ನಿಂತಿದ್ದಳು. ಪಿಸುಮಾತನ್ನೂ ಆಡದೆ.

"ಸರ್, ಈ ಮೂಗಿನ ಪ್ಯಾಡು ಸ್ವಲ್ಪ ಚುಚ್ತಾ ಇದೆ."

ತಲೆಯೆತ್ತಿದರೆ ಸ್ಟಿಯರಿಂಗ್ ನಿಂತಿದ್ದ. ರಸ್ತೆಯ ಮೂಲೆಯ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಯುವಕ. ಪಕ್ಕದ ಸೀಟಿನಲ್ಲಿ ಕೂತು ಇಡೀ ದಿನ ಪ್ರಾಣಭಯದಲ್ಲಿ ಕಳೆಯುವವನಾದ್ದರಿಂದ ಬಹಳ ಶಾಂತ ಸ್ವಭಾವ. ಇತ್ತೀಚೆಗೆ ಅವನ ಕನ್ನಡಕಕ್ಕೆ ಪದೇ ಪದೇ ಏನಾದರೊಂದು ಆಗುತ್ತಿತ್ತು.

"ಯಾಕೆ ಸರ್, ಮೈ ಸರಿ ಇಲ್ವಾ? ನಾಳೆ ಆಪರೇಷನ್ನು ಅಂತ... ಯಾರೋ ಹೇಳಿದ್ರು. ನಾನೇನಾದ್ರೂ ಮಾಡ್ಬೇಕಾ?"

ಬೆಳಗಿನಿಂದ ಈ ಪ್ರಶ್ನೆ ಕೇಳಿದ ಮೊದಲ ಮನುಷ್ಯ. ಗಾಜಪ್ಪನಿಗೆ ಅಳುವೇ ಬಂದಿತು. ಒಂದೇ ಉಸಿರಿಗೆ, "ಒಂದು ಸಾಕ್ಷಿ ಸಹಿ ಬೇಕಪ್ಪಾ, ಆದರೆ ನನ್ನ ಹತ್ರ ನಿನಗೆ ಕೊಡೋಕೆ ಏನೂ ಇಲ್ಲ," ಎಂದ.

"ನನಗೇನು ಬೇಕು ಸರ್ ನಿಮ್ಮಿಂದ? ಬನ್ನಿ, ಹೋಗೋಣ."

ಗಾಜಪ್ಪ ಅವನ ಮುಖವನ್ನು ಬಿಟ್ಟ ಕಣ್ಣು ಮುಚ್ಚದೆ ನೋಡಿದ. ಆಮೇಲೆ ಅವನ ಕೈ ಹಿಡಿದು ರಸ್ತೆ ದಾಟಿದ, ಎಲ್ಲಿ ಯಾರಾದರೂ ಅಡ್ಡ ಬಂದು ಏನಾದರೂ ಆಸೆ ಹುಟ್ಟಿಸಿಬಿಡುತ್ತಾರೋ ಎಂದು.

ಪಾಲಿಸಿ ಓಡೋಡಿ ಬಂದ. ಲಾಯರು ಒಂದು ಕಾಲು ಬೂಟಿನಲ್ಲಿ, ಒಂದು ಕಾಲು ಚಪ್ಪಲಿಯಲ್ಲಿ ಇಟ್ಟುಕೊಂಡೇ ಏಣಿಯಿಂದ ಸ್ಕ್ರೂಡ್ರೈವರಿನ ತನಕ ಎಲ್ಲವನ್ನೂ ಸೇರಿಸಿದ್ದ ಉಯಿಲಿನ ಬರಹದ ಮೇಲೆ ಒಂದು ರಟ್ಟು ಮುಚ್ಚಿ, ಸಹಿಯ ಜಾಗವಷ್ಟೇ ಕಾಣುವಂತೆ ಇಟ್ಟರು.

"ಒಳಗೇನು ಬರೆದಿದೆ ಅಂತ ಸಾಕ್ಷಿಗಳು ಓದೋ ಅಗತ್ಯ ಇಲ್ಲ. ಇವರು ಸಹಿ ಹಾಕಿದ್ದನ್ನ ನೋಡಿದ್ರೆ ಸಾಕು. ಏನಪ್ಪಾ, ಇವರಿಂದ ನಿನಗೇನಾದ್ರೂ ಬರೋದಿದೆಯಾ?"

ಸ್ಟಿಯರಿಂಗ್ ಒಂದು ಗಳಿಗೆ ಯೋಚಿಸಿದ. "ಇಲ್ಲ ಸರ್. ಇನ್ನು ಬರಬೇಕಾದ್ದು ಏನೂ ಇಲ್ಲ."

ಗಾಜಪ್ಪ ಸಹಿ ಹಾಕಿದ. ಪಾಲಿಸಿ ಹಾಕಿದ. ಸ್ಟಿಯರಿಂಗ್ ತುಂಬ ಅಂದವಾಗಿ, ಅಕ್ಷರ ಅಕ್ಷರಕ್ಕೂ ಇಂಡಿಕೇಟರ್ ಹಾಕಿದಂತೆ ನಿಧಾನವಾಗಿ ಹಾಕಿದ. ಲಾಯರು ಕಾಗದವನ್ನು ಕವರಿಗೆ ಸೇರಿಸಿ ಗಾಜಪ್ಪನ ಕೈಗಿಟ್ಟು, ಇನ್ನೊಂದು ಬೂಟನ್ನೂ ಏರಿಸಿಕೊಂಡು ರೈಲಿಗೆ ಓಡಿದರು.

ಮನೆಗೆ ಬರುವ ದಾರಿಯುದ್ದಕ್ಕೂ ಗಾಜಪ್ಪನಿಗೆ ಒಂದೇ ಯೋಚನೆ. ಎಂಥ ಹುಡುಗ! ಏಣಿ ಕೇಳಲಿಲ್ಲ, ಕುರ್ಚಿ ಕೇಳಲಿಲ್ಲ, ಮೂಗಿನ ಪ್ಯಾಡಿನ ದುಡ್ಡನ್ನೂ ಕೊಟ್ಟು ಹೋದ. ಮೂರನೇ ಮಹಡಿ ತಲುಪುವಷ್ಟರಲ್ಲಿ ಯೋಚನೆ ತೀರ್ಮಾನವಾಗಿತ್ತು.

ಮಗಳು ಆಸ್ಪತ್ರೆಗೆ ಬೇಕಾದ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ಎಲ್ಲಿ ಹೋಗಿದ್ರಿ ಅಪ್ಪಾ? ನಮ್ಮ ಆರಾಮ ಕುರ್ಚಿ ಎದುರುಮನೆಯಲ್ಲಿ ಯಾಕಿದೆ?"

ಗಾಜಪ್ಪ ಕವರನ್ನು ಅವಳ ಕೈಯಲ್ಲಿಟ್ಟ. "ಬೈಬೇಡ. ಮನೆ ನಿನ್ನ ಹೆಸರಿಗೆ ಬರೆಸಿದೀನಿ. ನನಗೇನೂ ಆಗಲ್ಲ. ಆದರೂ ನಾಳೆ ಯಾರೂ ನಿನ್ನನ್ನ ಬಾಗಿಲಾಚೆ ನಿಲ್ಲಿಸಬಾರದು."

ಮಗಳು ಅಪ್ಪನ ಕನ್ನಡಕ ತೆಗೆದು ತನ್ನ ದುಪಟ್ಟಾದ ತುದಿಯಲ್ಲಿ ಒರೆಸಿದಳು. ಬಹಳ ಹೊತ್ತು ಒರೆಸಿದಳು. ಅದು ಕೊಳೆಯಾಗಿರಲಿಲ್ಲ.

"ಇನ್ನೊಂದು ವಿಷಯ," ಎಂದ ಗಾಜಪ್ಪ ಮಂಜುಮಂಜಾಗಿ ಕಾಣುತ್ತಿದ್ದ ಮಗಳಿಗೆ. "ನಿನಗೊಂದು ಹುಡುಗನ್ನ ನೋಡಿದೀನಿ. ಬಂಗಾರದಂಥವನು. ಮೂಲೆಯ ಡ್ರೈವಿಂಗ್ ಸ್ಕೂಲಿನಲ್ಲಿ ಇದಾನಲ್ಲ..."

ಮಗಳ ಕೈ ನಿಂತಿತು. "ಅವನು ನಿಮಗೆ ಇಷ್ಟಾನಾ ಅಪ್ಪಾ?"

"ಇಷ್ಟ ಅಂದ್ರೆ? ಇವತ್ತು ಇಡೀ ಊರನ್ನ ಜರಡಿ ಹಿಡಿದೆ. ಉಳಿದವನು ಅವನೊಬ್ಬನೇ."

"ಅಪ್ಪಾ," ಎಂದಳು ಮಗಳು, ಹಿಂದೆಂದೂ ಇಲ್ಲದಷ್ಟು ಮೆಲ್ಲಗೆ. "ನಿಮ್ಮ ಆಪರೇಷನ್ ಆದ್ಮೇಲೆ ಹೇಳೋಣ ಅಂತಿದ್ವಿ. ಬಿಪಿ ಏರುತ್ತೆ ಅಂತ ಹೆದರಿಕೆ. ನಮ್ಮಿಬ್ಬರದು ರಿಜಿಸ್ಟರ್ ಮದುವೆ ಆಗಿದೆ. ಹೋದ ತಿಂಗಳು."

ಗಾಜಪ್ಪ ಕೂತಲ್ಲೇ ಅಲ್ಲಾಡಿದ. ಆಮೇಲೆ ನಗು ಬಂತು. ಹೊಟ್ಟೆ ಹಿಡಿದುಕೊಂಡು, ಹರ್ನಿಯಾವನ್ನೂ ಲೆಕ್ಕಿಸದೆ ನಕ್ಕ. "ಕಳ್ಳೀ! ನನ್ನ ಕಣ್ಣು ನೋಡು, ಎಷ್ಟು ಸರಿಯಾಗಿ ಆರಿಸಿದೆ! ಕರಿ ಅವನ್ನ!"

ಕರೆಯಬೇಕಾಗಿರಲಿಲ್ಲ. ಸ್ಟಿಯರಿಂಗ್ ಆಸ್ಪತ್ರೆಗೆಂದು ಬಿಸಿನೀರಿನ ಫ್ಲಾಸ್ಕು ಹಿಡಿದು ಬಾಗಿಲಲ್ಲೇ ನಿಂತಿದ್ದ. "ಮಾವಾ," ಎಂದು ಬಗ್ಗಿದ.

"ಬಾಪ್ಪಾ, ಬಾ! ಇವಳ ಗಂಡ ಅಂತ ಒಂದು ಮಾತು ಆವಾಗಲೇ..."

ಗಂಡ ಎಂಬ ಮಾತು ಬಾಯಿಂದ ಹೊರಟು ಕೋಣೆಯನ್ನೊಂದು ಸುತ್ತು ಹಾಕಿ ಬಂದು ಗಾಜಪ್ಪನ ತಲೆಯ ಮೇಲೆ ಕೂತಿತು. ಅವನು ಮಗಳ ಕೈಯಿಂದ ಕನ್ನಡಕ ಕಿತ್ತುಕೊಂಡು ಏರಿಸಿದ. ಕವರು ಬಿಚ್ಚಿದ. ಬರಹದ ಮೇಲೆ ಈಗ ರಟ್ಟು ಇರಲಿಲ್ಲ. ಮೇಲೆ ಮನೆ ಪಡೆಯುವವಳು, ಕೆಳಗೆ ಅವಳ ಗಂಡನ ಅಂದವಾದ ಸಹಿ. ಏಣಿ ಮೇಷ್ಟ್ರಿಗೆ ಸರಿಯಾಗಿ ಸಲ್ಲುತ್ತಿತ್ತು. ಕುರ್ಚಿ ಸಲ್ಲುತ್ತಿತ್ತು. ಸ್ಕೂಟರಿನ ಜಾಗ, ಸ್ಕ್ರೂಡ್ರೈವರ್, ಎಲ್ಲವೂ ಕಾನೂನಿನ ಪ್ರಕಾರ ಕಲ್ಲಿನಂತೆ ಗಟ್ಟಿ. ಮನೆಯೊಂದನ್ನು ಬಿಟ್ಟು.

"ಸಹಿ ಯಾಕೋ ಹಾಕ್ದೆ?" ಎಂದು ಗಾಜಪ್ಪ ಅಳಿಯನನ್ನು ಮೊದಲ ಬಾರಿಗೆ ಬೈದ.

"ನೀವೇ ಕೇಳಿದ್ರಲ್ಲ ಮಾವಾ! ಒಳಗೇನಿದೆ ಅಂತ ನನಗೆ ಹೇಗೆ ಗೊತ್ತು?"

ಊರಿಗೆಲ್ಲ ತನ್ನಿಂದ ಏನೂ ಬೇಡ ಎಂದವನು ಒಬ್ಬನೇ ಒಬ್ಬ. ಗಾಜಪ್ಪನ ಬಳಿ ಕೊಡುವುದಕ್ಕಿದ್ದ ಒಂದೇ ಒಂದನ್ನು ಅವನು ಹೋದ ತಿಂಗಳೇ ತೆಗೆದುಕೊಂಡು ಹೋಗಿದ್ದ.

ಲಾಯರ ಫೋನು ರೈಲಿನಲ್ಲಿ ಎಲ್ಲೋ ಸ್ವಿಚಾಫ್ ಆಗಿತ್ತು. ಮಗಳು ಯೋಚಿಸಿ, "ಅಪ್ಪಾ, ಇದನ್ನೇ ಕೈಬರಹದಲ್ಲಿ ಇನ್ನೊಂದು ಸಲ ಬರೆಯೋಣ. ಪಾಲಿಸಿ ಅಂಕಲ್ ಇದ್ದಾರೆ. ಇನ್ನೊಬ್ಬ ಸಾಕ್ಷಿ ಸಿಕ್ಕಿದ್ರೆ ಆಯ್ತು," ಎಂದಳು.

"ಎಲ್ಲಿಂದ ತರ್ಲಮ್ಮಾ ಸಾಕ್ಷಿ?" ಗಾಜಪ್ಪ ಕುರ್ಚಿಯಿದ್ದ ಖಾಲಿ ಜಾಗ ನೋಡುತ್ತಾ ಹೇಳಿದ. "ಬೆಳಗಿನಿಂದ ಕಾಲು ಸವೆಸಿದೀನಿ. ಈ ಊರಿನಲ್ಲಿ ಸಾಕ್ಷಿ ಸಹಿ ಹಾಕೋ ಜನ ಹುಟ್ಟೇ ಇಲ್ಲ. ಅಂದ ಹಾಗೆ, ನಿಮ್ಮ ಮದುವೆಗೂ ಸಾಕ್ಷಿ ಬೇಕಿತ್ತಲ್ಲ? ಅದಕ್ಕೆ ಯಾರು ಸಿಕ್ಕಿದ್ರು ನಿಮಗೆ?"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೇಷ್ಟ್ರು, ಎದುರುಮನೆ ಆಂಟಿ," ಎಂದ ಅಳಿಯ ಹಿಂಜರಿಯುತ್ತ. "ಆಮೇಲೆ ನಿಮ್ಮ ಯಜಮಾನ್ರು. ಒಂದು ಮಾತಿಗೆ ಬಂದುಬಿಟ್ರು ಮಾವಾ. ಪೆನ್ನೂ ಅವರೇ ತಂದಿದ್ರು."